ಹೊಸ ಪಿಕಪ್ ಹೊರಡುವಾಗ ‘ಟಕ್’ ಎಂದರೆ

ಕ್ಯಾಟರಿಂಗ್ ಮಾಡುವವರಿಗೆ ಮದುವೆಯ ದಿನ ಬೆಳಿಗ್ಗೆ ಮೂರು ಚಿಂತೆ. ಭಟ್ಟರು ಬಂದರೇ? ಗ್ಯಾಸ್ ಇದೆಯೇ? ಗಾಡಿ ಹೊರಟಿತೇ? ಮೊದಲಿನ ಎರಡರ ಬಗ್ಗೆ ನಾವು ಸಭೆಗಳಲ್ಲಿ ಬೇಕಾದಷ್ಟು ಮಾತಾಡುತ್ತೇವೆ. ಮೂರನೆಯದನ್ನು ಡ್ರೈವರನಿಗೆ ಬಿಟ್ಟು ಸುಮ್ಮನಿರುತ್ತೇವೆ. ಹಾಗೆ ಸುಮ್ಮನಿದ್ದು ನಾವು ಕಲಿತ ಪಾಠವನ್ನು ಸದಸ್ಯ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಇದರಲ್ಲಿ ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಕ್ಯಾಟರರ್ ಕೂಡ ಸ್ವಂತ ಗಾಡಿ ಇಡುವ ಕಾಲ ಬಂತು. ಅದಕ್ಕೆ ಮೊದಲು ಬಾಡಿಗೆ ಟೆಂಪೋದವನ ದಾರಿ ಕಾಯಬೇಕಿತ್ತು. ಈಗ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಒಂದಾದರೂ ಪಿಕಪ್ ಇದೆ. ಗಾಡಿ ನಮ್ಮದಾಯಿತು, ಆದರೆ ಗಾಡಿಯ ಭಾಷೆ ನಮಗೆ ಇನ್ನೂ ಬಂದಿಲ್ಲ.

ಆ ಭಾನುವಾರ

ಎರಡು ವರ್ಷದ ಹಿಂದಿನ ಮಾತು. ಥಾಣೆಯ ನಮ್ಮ ಅಡುಗೆಮನೆಯಿಂದ ಮಾಟುಂಗಾದ ಒಂದು ಹಾಲ್‌ಗೆ 600 ಎಲೆಯ ಊಟ. ಮೊದಲ ಪಂಕ್ತಿ ಹನ್ನೆರಡಕ್ಕೆ. ಗಾಡಿ ಹಳೆಯದೇನಲ್ಲ, ಕೊಂಡು ಹದಿನಾಲ್ಕು ತಿಂಗಳು. ಸಾರು, ಸಾಂಬಾರು, ಪಲ್ಯ, ಪಾಯಸದ ಪಾತ್ರೆಗಳನ್ನೂ ನೀರಿನ ಜಾರುಗಳನ್ನೂ ತುಂಬಿಕೊಂಡು ಬೆಳಿಗ್ಗೆ ಒಂಬತ್ತೂವರೆಗೆ ಹೊರಟಿತು. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಘಾಟ್‌ಕೋಪರಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತು, ಮತ್ತೆ ಹೊರಡುವಾಗ ಅಡಿಯಲ್ಲಿ ‘ದಡ್’ ಎಂದು ದೊಡ್ಡ ಶಬ್ದ. ಆಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದೇ ಸಮನೆ ಬಡಿತ. ಡ್ರೈವರ್ ಹೇಗೋ ಎಡಕ್ಕೆ ತಂದು ನಿಲ್ಲಿಸಿದ.

ಫೋನಿನ ಮೇಲೆ ಫೋನು ಮಾಡಿ ಎರಡು ಬಾಡಿಗೆ ಟೆಂಪೋ ಹಿಡಿದೆವು. ಬಿಸಿ ಕೊಪ್ಪರಿಗೆಗಳನ್ನು ಹೆದ್ದಾರಿಯ ಬದಿಯಲ್ಲಿ ಬಿಸಿಲಿನಲ್ಲಿ ಕೈಯಿಂದ ಕೈಗೆ ಇಳಿಸಿ ಏರಿಸಿದ್ದಾಯಿತು. ಆ ಅವಸರದಲ್ಲಿ ಬಡಿಸುವ ಹುಡುಗನೊಬ್ಬನ ಮುಂಗೈ ಮೇಲೆ ಸಾಂಬಾರು ಚೆಲ್ಲಿ ಸುಟ್ಟಿತು. ಮೊದಲ ಪಂಕ್ತಿ ಕೂತದ್ದು ಹನ್ನೆರಡೂ ಮುಕ್ಕಾಲಿಗೆ. ಹುಡುಗಿಯ ತಂದೆ ಒಂದು ಮಾತೂ ಆಡಲಿಲ್ಲ. ಬಿಲ್ಲಿನಲ್ಲಿ ನಾವೇ ಕಡಿಮೆ ಮಾಡಿದೆವು. ಆದರೂ ಮರುವರ್ಷ ಆ ಮನೆಯ ಸೀಮಂತದ ಊಟ ಬೇರೆಯವರಿಗೆ ಹೋಯಿತು. ನಾವಾದರೂ ಹಾಗೆಯೇ ಮಾಡುತ್ತಿದ್ದೆವು.

ಮೂರು ತಿಂಗಳ ‘ಟಕ್ ಟಕ್’

ಈ ಅವಘಡ ಹೇಳದೆ ಕೇಳದೆ ಬಂದದ್ದಲ್ಲ. ಮೂರು ತಿಂಗಳ ಮೊದಲೇ ನಮ್ಮ ಡ್ರೈವರ್ ಹೇಳಿದ್ದ: “ಅಣ್ಣ, ಗಾಡಿ ಹೊರಡುವಾಗ ಅಡಿಯಲ್ಲಿ ಎಂಥದೋ ಟಕ್ ಅಂತದೆ. ಆಮೇಲೆ ಸ್ವಲ್ಪ ದೂರ ನಡುಗ್ತದೆ.” ಅವನು ಕುಂದಾಪುರದ ಕಡೆಯ ಹುಡುಗ, ನಮ್ಮಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಹೊಸ ಗಾಡಿಗೆ ಎಂಥ ರೋಗ ಎಂದು ನಾವು ಮೊದಲು ತಲೆಗೆ ಹಾಕಿಕೊಳ್ಳಲಿಲ್ಲ.

ಅವನು ಮತ್ತೆ ಮತ್ತೆ ಹೇಳಿದ ಮೇಲೆ ಕಂಪನಿಯ ವರ್ಕ್‌ಶಾಪಿಗೆ ಕಳಿಸಿದೆವು. ಕಳಿಸಿದ್ದು ಮಧ್ಯಾಹ್ನ, ಗಾಡಿ ಖಾಲಿ. ಡ್ರೈವರನಿಗೆ ಬೇರೆ ಡ್ಯೂಟಿ ಇದ್ದುದರಿಂದ ಗಾಡಿ ಕೊಂಡುಹೋದವರು ನಮ್ಮ ಮ್ಯಾನೇಜರ್. ಅಲ್ಲಿಯವರು ಒಂದು ಸುತ್ತು ಹೊಡೆದು ‘ಶಬ್ದವಿಲ್ಲ, ಎಲ್ಲ ನಾರ್ಮಲ್’ ಎಂದು ತೊಳೆದು ಕೊಟ್ಟರು. ಇನ್ನೊಮ್ಮೆ ಕಳಿಸಿದಾಗಲೂ ಅದೇ ಉತ್ತರ. ಆಮೇಲೆ ಹೊರಗಿನ ಗ್ಯಾರೇಜಿಗೆ ಹೋದೆವು. ‘ಬೆಳಿಗ್ಗೆ ಹೊರಡುವಾಗ ನಡುಗುತ್ತದೆ ಎಂದರೆ ಕ್ಲಚ್ ಪ್ಲೇಟ್’ ಎಂದು ಅವರು ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು ಎರಡನ್ನೂ ಬದಲಾಯಿಸಿ ಐದಂಕಿಯ ಬಿಲ್ಲು ಕೊಟ್ಟರು. ಮರುದಿನ ಬೆಳಿಗ್ಗೆ ಗಾಡಿ ಮತ್ತೆ ‘ಟಕ್’ ಎಂದಿತು. ಮತ್ತೊಬ್ಬರು ‘ಹಿಂದಿನ ಹೌಸಿಂಗ್ ಬಿಚ್ಚಬೇಕು, ಕ್ರೌನ್ ಪಿನಿಯನ್ ಹೋಗಿದೆ’ ಎಂದು ಹೆದರಿಸಿದರು. ಸೀಸನ್ ಮುಗಿಯಲಿ ಎಂದು ಮುಂದೆ ಹಾಕಿದೆವು. ಅಷ್ಟರಲ್ಲಿ ಆ ಭಾನುವಾರ ಬಂತು.

ಟೋ ಮಾಡಿ ತಂದ ಗಾಡಿಯನ್ನು ಕುರ್ಲಾದ ಒಬ್ಬ ಹಳೆಯ ಮಿಸ್ತ್ರಿಗೆ ತೋರಿಸಿದೆವು. ಅವರು ಗಾಡಿಯ ಅಡಿಗೆ ಹೋಗುವ ಮೊದಲು ಕೇಳಿದ್ದು ಒಂದೇ ಮಾತು: “ಸೇಟ್, ಇದನ್ನು ದಿನಾ ಓಡಿಸುವವನು ಎಲ್ಲಿ?” ಡ್ರೈವರನನ್ನು ಕರೆಸಿದೆವು. ಶಬ್ದ ಬೆಳಿಗ್ಗೆ ಮಾತ್ರವೋ, ಸಂಜೆಯೂ ಬರುತ್ತದೆಯೋ? ಖಾಲಿ ಗಾಡಿಯಲ್ಲೋ, ತುಂಬಿದ್ದರಲ್ಲೋ? ಸಪಾಟು ರಸ್ತೆಯಲ್ಲೋ, ಏರಿನಲ್ಲೋ? ಎಷ್ಟು ವೇಗದವರೆಗೆ? ಹುಡುಗ ಎಲ್ಲದಕ್ಕೂ ಥಟ್ಟನೆ ಉತ್ತರ ಕೊಟ್ಟ. ವಾಶಿ ಮಾರ್ಕೆಟಿಗೆ ಬೆಳಗಿನ ಜಾವ ಖಾಲಿ ಹೋಗುವಾಗ ಶಬ್ದವಿಲ್ಲ. ರಿಸೆಪ್ಶನ್ ಊಟಕ್ಕೆ ಸಂಜೆ ಐದಕ್ಕೆ ತುಂಬಿ ಹೊರಟರೂ ಶಬ್ದ. ಅಡುಗೆಮನೆಯ ಗೇಟಿನ ಏರು ಹತ್ತುವಾಗ ಹೆಚ್ಚು. ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ವೇಗ ದಾಟಿದರೆ ಮಾಯ.

ಅಂದರೆ ಶಬ್ದಕ್ಕೂ ಬೆಳಗಿನ ತಂಪಿಗೂ ಸಂಬಂಧವೇ ಇರಲಿಲ್ಲ. ಸಂಬಂಧ ಇದ್ದದ್ದು ಭಾರಕ್ಕೆ. ನಾವು ಹೆಚ್ಚಾಗಿ ಬೆಳಿಗ್ಗೆ ಭಾರ ತುಂಬುತ್ತಿದ್ದುದರಿಂದ ಅದನ್ನು ಬೆಳಗಿನ ಶಬ್ದ ಎಂದುಕೊಂಡಿದ್ದೆವು. ವರ್ಕ್‌ಶಾಪಿನವರು ಖಾಲಿ ಗಾಡಿ ಓಡಿಸಿ ‘ಶಬ್ದವಿಲ್ಲ’ ಎಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕ್ಲಚ್ಚಿಗೆ ಕೊಟ್ಟ ಹಣ ಮಾತ್ರ ನೀರಿಗೆ ಹಾಕಿದಂತಾಯಿತು. ಉತ್ತರ ಒಂಬತ್ತು ವರ್ಷದಿಂದ ನಮ್ಮ ಮನೆಯ ಊಟ ಮಾಡುವ ಹುಡುಗನ ಹತ್ತಿರವೇ ಇತ್ತು. ನಾವು ಕೇಳಿರಲಿಲ್ಲ, ಅಷ್ಟೆ.

ಹೋದದ್ದು ಏನು?

ಪಿಕಪ್ಪಿನಲ್ಲಿ ಎಂಜಿನ್ ಮುಂದೆ, ಶಕ್ತಿ ಹೋಗಬೇಕಾದದ್ದು ಹಿಂದಿನ ಚಕ್ರಕ್ಕೆ. ಎಂಜಿನ್ನಿನಿಂದ ಕ್ಲಚ್, ಅಲ್ಲಿಂದ ಗೇರ್‌ಬಾಕ್ಸ್, ಅಲ್ಲಿಂದ ಗಾಡಿಯ ಅಡಿಯಲ್ಲಿ ಉದ್ದಕ್ಕೆ ಮಲಗಿರುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಹೌಸಿಂಗ್ ಮತ್ತು ಚಕ್ರ. ಉದ್ದದ ಗಾಡಿಯಲ್ಲಿ ಈ ಶಾಫ್ಟ್ ಎರಡು ತುಂಡಾಗಿರುತ್ತದೆ. ನಡುವಿನಲ್ಲಿ ಅದನ್ನು ಹಿಡಿದುಕೊಳ್ಳುವುದು ಸೆಂಟರ್ ಬೇರಿಂಗ್. ಈ ಬೇರಿಂಗ್ ಕೂತಿರುವುದು ಒಂದು ರಬ್ಬರ್ ಬಳೆಯಲ್ಲಿ. ಶಾಫ್ಟ್ ಮಡಿಯಬೇಕಾದ ಕಡೆಯಲ್ಲೆಲ್ಲ ಕ್ರಾಸ್ ಇರುವ ಯು.ಜೆ. ಜಾಯಿಂಟ್.

ನಮ್ಮ ಗಾಡಿಯ ಸೆಂಟರ್ ಬೇರಿಂಗಿನ ರಬ್ಬರ್ ಮೊದಲು ಒಂದು ಬದಿ ಹರಿದು, ಆ ದಿನ ಪೂರ್ತಿ ಹರಿಯಿತು. ಶಾಫ್ಟಿಗೆ ನಡುವಿನ ಆಧಾರ ತಪ್ಪಿತು. ಒಂದು ಕ್ರಾಸ್ ಒಣಗಿ, ಅದರ ಸುತ್ತ ಕೆಂಪು ತುಕ್ಕಿನ ಪುಡಿ ಕೂತಿತ್ತು. ಮಿಸ್ತ್ರಿ ಅದನ್ನು ಬೆರಳಿನಲ್ಲಿ ತೆಗೆದು ತೋರಿಸಿದರು.

ಶಬ್ದ ಹೊರಡುವಾಗಲೇ ಏಕೆ? ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಅದು ತಿರುಗುವುದಿಲ್ಲ. ಗಾಡಿ ನಿಂತಾಗ ಎಲ್ಲವೂ ಸಡಿಲವಾಗಿರುತ್ತದೆ. ಹೊರಡುವ ಕ್ಷಣದಲ್ಲಿ ಎಂಜಿನ್ನಿನ ಬಲ ಒಂದೊಂದೇ ಸಡಿಲವನ್ನು ಎಳೆದು ಬಿಗಿ ಮಾಡುತ್ತದೆ. ಎಲ್ಲಿ ಸಡಿಲ ಮಿತಿ ಮೀರಿದೆಯೋ ಅಲ್ಲಿ ‘ಟಕ್’. ಭಾರ ತುಂಬಿದಾಗ ಹಿಂದಿನ ಸ್ಪ್ರಿಂಗ್ ತಗ್ಗಿ ಶಾಫ್ಟಿನ ಕೋನ ಬದಲಾಗುತ್ತದೆ, ಏರಿನಲ್ಲಿ ಎಳೆತವೂ ಹೆಚ್ಚು. ಆದ್ದರಿಂದ ಖಾಲಿ ಗಾಡಿಯಲ್ಲಿ ಕೇಳಿಸದ ಶಬ್ದ ತುಂಬಿದ ಗಾಡಿಯಲ್ಲಿ ಕೇಳಿಸುತ್ತದೆ.

ಹೆದರಬೇಕಾಗಿಲ್ಲದ ಶಬ್ದಗಳು

ಹೊಸ ಗಾಡಿಯ ಎಲ್ಲ ಶಬ್ದವೂ ರೋಗವಲ್ಲ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದ ಮೇಲಿನ ಗಾಡಿಗಳು ಹಳೆಯ ಗಾಡಿಗಳಂತೆ ಸದ್ದು ಮಾಡುವುದಿಲ್ಲ. ಹಳೆಯ ಡ್ರೈವರುಗಳಿಗೂ ಇದು ಹೊಸದು.

• ಕೀ ತಿರುಗಿಸಿದಾಗ ರಿಲೇಯ ಸಣ್ಣ ‘ಟಿಕ್’, ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಶಬ್ದ: ಸಹಜ.

• ಎ.ಬಿ.ಎಸ್. ಇರುವ ಗಾಡಿಯಲ್ಲಿ, ಸ್ಟಾರ್ಟ್ ಮಾಡಿ ಸ್ವಲ್ಪ ಮುಂದೆ ಹೋದೊಡನೆ ಒಮ್ಮೆ ಮಾತ್ರ ‘ಘರ್ರ್’ ಎನ್ನುವ ಶಬ್ದ: ಆ ಯಂತ್ರ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ.

• ಮಳೆಗಾಲದಲ್ಲಿ ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಮೊದಲ ಸಲ ಅಲುಗಿದಾಗ ಹಿಂದಿನಿಂದ ಒಂದೇ ಒಂದು ‘ಟಕ್’: ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿದ ಬ್ರೇಕ್ ಬಿಡುವ ಶಬ್ದ.

• ಒದ್ದೆ ಹವೆಯಲ್ಲಿ ಮೊದಲ ಎರಡು ಮೂರು ಸಲ ಕ್ಲಚ್ ಬಿಡುವಾಗ ಸಣ್ಣ ನಡುಕ, ಆಮೇಲೆ ಇಲ್ಲ: ತೇವದ್ದು.

• ನಿಂತಲ್ಲೇ ಎಂಜಿನ್ ಸ್ವಲ್ಪ ಏರಿ ಫ್ಯಾನ್ ಜೋರಾಗಿ ಓಡುವುದು: ಸೈಲೆನ್ಸರಿನ ದಾರಿಯಲ್ಲಿರುವ ಡಿ.ಪಿ.ಎಫ್. ಮಸಿ ಸುಟ್ಟುಕೊಳ್ಳುತ್ತಿರಬಹುದು.

ತೋರಿಸಲೇಬೇಕಾದ ಶಬ್ದಗಳು

1. ಕೀ ತಿರುಗಿಸಿದಾಗ ಕಬ್ಬಿಣ ಅರೆದ ಹಾಗೆ ‘ಕರ್ರ್’: ಸ್ಟಾರ್ಟರಿನ ಹಲ್ಲು ಫ್ಲೈವೀಲಿಗೆ ಸರಿಯಾಗಿ ಕೂರುತ್ತಿಲ್ಲ. ಬಿಟ್ಟರೆ ಫ್ಲೈವೀಲಿನ ಹಲ್ಲೇ ಹೋಗುತ್ತದೆ.

2. ಕ್ಲಚ್ ಪೆಡಲ್ ತುಳಿದಾಗ ಮಾತ್ರ ಬರುವ ಶಬ್ದ: ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ತುಳಿದಾಗ ನಿಲ್ಲುವ ಶಬ್ದ: ಗೇರ್‌ಬಾಕ್ಸಿನ ಬೇರಿಂಗ್ ಇರಬಹುದು.

3. ಗಾಡಿ ಬಿಸಿಯಾದ ಮೇಲೂ, ಖಾಲಿ ಇದ್ದರೂ, ಪ್ರತಿ ಸಲ ಹೊರಡುವಾಗ ಮೈ ನಡುಕ: ಕ್ಲಚ್ ಅಥವಾ ಎಂಜಿನ್ ಮೌಂಟಿಂಗ್.

4. ಭಾರ ಇದ್ದಾಗ ಹೊರಡುವಾಗ ಗುಡುಗುಡು, ವೇಗ ಏರಿದರೆ ಮಾಯ: ಸೆಂಟರ್ ಬೇರಿಂಗ್. ನಮ್ಮ ಕಥೆ ಇದೇ.

5. ಮುಂದಿನ ಗೇರಿನಿಂದ ರಿವರ್ಸ್‌ಗೆ ಹಾಕಿ ಹೊರಡುವಾಗ ಗಟ್ಟಿಯಾದ ‘ಟಣ್’, ನಿಧಾನ ಹೋಗುವಾಗ ಚಕ್ರ ತಿರುಗಿದ ಲೆಕ್ಕದಲ್ಲೇ ಕಿಚಕಿಚ: ಯು.ಜೆ. ಕ್ರಾಸ್. ಸಣ್ಣ ‘ಟಕ್’ ಎಲ್ಲ ಗಾಡಿಗೂ ಇದೆ. ತಿಂಗಳಿಂದ ತಿಂಗಳಿಗೆ ಜೋರಾದರೆ ತೋರಿಸಬೇಕು.

6. ಹೊರಡುವಾಗಲೂ ಬ್ರೇಕ್ ಹಾಕುವಾಗಲೂ ಹಿಂದಿನಿಂದ ‘ದಡ್’: ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಸಡಿಲವೋ, ಬುಶ್ ಸವೆದಿದೆಯೋ ನೋಡಿಸಿ.

7. ವೇಗದೊಡನೆ ಏರುವ ಊಳು, ಆಕ್ಸಿಲರೇಟರ್ ಬಿಟ್ಟಾಗ ಸ್ವರ ಬದಲು: ಹಿಂದಿನ ಹೌಸಿಂಗ್. ಮೊದಲು ಆಯಿಲ್ ಮಟ್ಟ ನೋಡಿಸಿ. ಬಿಚ್ಚುವ ಮಾತು ಆಮೇಲೆ.

8. ಟೈರು ಬದಲಾಯಿಸಿದ ಮೇಲೆ ಹೊಸದಾಗಿ ‘ಟಕ್ ಟಕ್’: ವೀಲ್ ನಟ್ ಸಡಿಲ ಇರಬಹುದು. ಇದಕ್ಕೆ ನಾಳೆ ಎನ್ನುವುದಿಲ್ಲ, ಅಲ್ಲಿಯೇ ನಿಲ್ಲಿಸಿ ನೋಡಬೇಕು.

ಇವೆಲ್ಲಕ್ಕೂ ಮೊದಲು ಹಿಂದೆ ತುಂಬಿದ ಸಾಮಾನು ನೋಡಿ. ಸರಿಯಾಗಿ ಕಟ್ಟದ ಸಿಲಿಂಡರ್, ಕಡಾಯಿ, ಬರ್ನರಿನ ಸ್ಟ್ಯಾಂಡ್ ಕೂಡ ಗಾಡಿ ಹೊರಡುವಾಗ ಹಿಂದಕ್ಕೆ ಜಾರಿ ‘ದಡ್’ ಎನ್ನುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಡ. ಒಂದು ಸಲ ಎಲ್ಲ ಇಳಿಸಿ ಗಾಡಿ ಓಡಿಸಿ ನೋಡಿದರೆ ಅರ್ಧ ಅನುಮಾನ ಪರಿಹಾರವಾಗುತ್ತದೆ. ಸಿಲಿಂಡರ್ ಉರುಳದಂತೆ ನಿಲ್ಲಿಸಿ ಕಟ್ಟುವುದಂತೂ ಶಬ್ದಕ್ಕಲ್ಲ, ಜೀವಕ್ಕೆ ಬೇಕಾದದ್ದು.

ನಮ್ಮ ಉದ್ಯಮದ ತಪ್ಪುಗಳು

ಹದಿನಾಲ್ಕೇ ತಿಂಗಳಲ್ಲಿ ಬೇರಿಂಗ್ ಹೋದದ್ದು ಹೇಗೆ ಎಂದು ಮಿಸ್ತ್ರಿಯನ್ನು ಕೇಳಿದೆವು. “ಗಾಡಿ ಎಲ್ಲಿ ತೊಳೀತೀರಿ?” ಎಂದು ಅವರೇ ತಿರುಗಿ ಕೇಳಿದರು. ಪ್ರತಿ ಆರ್ಡರ್ ಮುಗಿದ ಮೇಲೆ ಸಾಂಬಾರು, ಎಣ್ಣೆ ಚೆಲ್ಲಿದ ಗಾಡಿಯನ್ನು ನಾವು ಪ್ರೆಷರ್ ಪಂಪಿನಲ್ಲಿ ತೊಳೆಯುತ್ತೇವೆ. ಒಳಗೂ ಅಡಿಯಲ್ಲೂ. ಆ ನೀರಿನ ರಭಸಕ್ಕೆ ಬೇರಿಂಗ್ ಮತ್ತು ಕ್ರಾಸಿನ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಸಾಮಾನು ಸಾಗಿಸುವ ಸಾಮಾನ್ಯ ಪಿಕಪ್ಪನ್ನು ಯಾರೂ ವಾರಕ್ಕೆ ನಾಲ್ಕು ಸಲ ಹೀಗೆ ತೊಳೆಯುವುದಿಲ್ಲ. ಹಲವು ಹೊಸ ಗಾಡಿಗಳ ಕ್ರಾಸಿಗೆ ಗ್ರೀಸ್ ನಿಪ್ಪಲ್ಲೇ ಇಲ್ಲ, ಒಳಗಿನ ಗ್ರೀಸ್ ಹೋದರೆ ಹೋಯಿತು. ನಿಪ್ಪಲ್ ಇರುವ ಗಾಡಿಗಳಿಗೆ ‘ಹೊಸ ಗಾಡಿ’ ಎಂದು ನಾವು ಗ್ರೀಸ್ ಹಾಕಿಸುವುದಿಲ್ಲ. ಈಗ ನಮ್ಮಲ್ಲಿ ಹಿಂದಿನ ಡಾಲೆಯ ಒಳಗೆ ಮಾತ್ರ ಪಂಪು. ಅಡಿಗೆ ಸಾದಾ ಪೈಪಿನ ನೀರು, ಅದೂ ಶಾಫ್ಟಿನ ಜಾಯಿಂಟುಗಳನ್ನು ಬಿಟ್ಟು.

ಎರಡನೆಯದು ಭಾರ. ಪಾತ್ರೆಗಳ ಲೆಕ್ಕ ಹಾಕುವ ನಾವು ನೀರಿನ ಲೆಕ್ಕ ಹಾಕುವುದಿಲ್ಲ. 20 ಲೀಟರಿನ ಜಾರು 40 ಇಟ್ಟರೆ ನೀರೊಂದೇ 800 ಕಿಲೋ. 100 ಲೀಟರ್ ಸಾಂಬಾರು ಎಂದರೆ ಪಾತ್ರೆ ಬಿಟ್ಟು ಕ್ವಿಂಟಾಲಿನ ಹತ್ತಿರ. 19 ಕಿಲೋದ ಸಿಲಿಂಡರ್ ಕಬ್ಬಿಣ ಸೇರಿ ಸುಮಾರು ಇಮ್ಮಡಿ. ಮೇಲಿಂದ ಆರೇಳು ಹುಡುಗರನ್ನು ಹಿಂದೆ ಕೂರಿಸುವ ಅಭ್ಯಾಸ. ಅದು ಅಪಾಯ, ಕಾನೂನಿಗೂ ವಿರೋಧ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ದಂಡ ತಪ್ಪಿಸಿಕೊಂಡರೂ ಸ್ಪ್ರಿಂಗ್, ಶಾಫ್ಟ್, ಕ್ಲಚ್ ನಮ್ಮಿಂದ ವಸೂಲಿ ಮಾಡಿಯೇ ತೀರುತ್ತವೆ.

ಮೂರನೆಯದು, ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಗಾಡಿ ನಿಲ್ಲಿಸಿಕೊಂಡು ಆಮೇಲೆ ಝಾಡಿಸಿ ಎತ್ತುವುದು. ಡ್ರೈವರ್ ಹೀಗೆ ಮಾಡುವುದು ಹೆಚ್ಚಾಗಿ ನಾವು ಫೋನಿನಲ್ಲಿ ‘ಎಲ್ಲಿದ್ದೀಯ, ಎಲ್ಲಿದ್ದೀಯ’ ಎಂದು ಕೂಗುವಾಗ.

ವರ್ಕ್‌ಶಾಪಿನಲ್ಲಿ ಹೇಗೆ?

ಅಂದು ಕಂಪನಿಯವರ ಹತ್ತಿರ ವಾರಂಟಿ ಕೇಳಲು ಹೋದಾಗ ಅವರು ಹಳೆಯ ಜಾಬ್ ಕಾರ್ಡ್ ತೆಗೆದರು. ಎರಡರಲ್ಲೂ ಬರೆದದ್ದು ‘ಜನರಲ್ ಚೆಕಪ್, ವಾಶಿಂಗ್’ ಎಂದು ಮಾತ್ರ. ಶಬ್ದದ ದೂರು ನಮ್ಮ ಮ್ಯಾನೇಜರ್ ಬಾಯಲ್ಲಿ ಹೇಳಿದ್ದರು, ಕಾಗದದ ಮೇಲೆ ಇರಲಿಲ್ಲ. ನಡುವೆ ಹೊರಗಿನ ಗ್ಯಾರೇಜಿನಲ್ಲಿ ಕ್ಲಚ್ ಬಿಚ್ಚಿಸಿದ್ದೂ ನಮಗೆ ವಿರುದ್ಧವಾಯಿತು. ಕೊನೆಗೆ ಖರ್ಚು ನಮ್ಮದೇ ಆಯಿತು. ಆದ್ದರಿಂದ ಸದಸ್ಯರಿಗೆ ನಮ್ಮ ಸಲಹೆ ಹೀಗೆ:

• ಗಾಡಿಯಲ್ಲಿ ಒಂದು ಇಪ್ಪತ್ತು ರೂಪಾಯಿಯ ಪುಸ್ತಕ ಇಡಿ. ಶಬ್ದ ಬಂದ ದಿನ, ಹೊತ್ತು, ಭಾರ ಇತ್ತೋ ಇಲ್ಲವೋ, ಯಾವ ಗೇರು, ಎಷ್ಟು ವೇಗ ಎಂದು ಡ್ರೈವರ್ ಬರೆಯಲಿ. ಬರೆಯಲು ಬಾರದಿದ್ದರೆ ನೀವು ಕೇಳಿ ಬರೆಯಿರಿ.

• ಮೊಬೈಲಿನಲ್ಲಿ ಶಬ್ದ ರೆಕಾರ್ಡ್ ಮಾಡಿ. ಓಡಿಸುವವನು ಮಾಡುವುದಲ್ಲ, ಪಕ್ಕದಲ್ಲಿ ಕೂತವನು ಮಾಡಲಿ.

• ಶಬ್ದ ಬರುವ ಸ್ಥಿತಿಯಲ್ಲೇ ಗಾಡಿ ತೋರಿಸಿ. ಭಾರ ಇದ್ದಾಗ ಬರುವುದಾದರೆ ನೀರಿನ ಜಾರು ತುಂಬಿ ಕಳಿಸಿ. ತಂಪಿಗೆ ಬರುವುದಾದರೆ ರಾತ್ರಿ ಅಲ್ಲಿಯೇ ಬಿಟ್ಟು ಬೆಳಿಗ್ಗೆ ಹೋಗಿ.

• ಓಡಿಸುವವನೇ ಹೋಗಲಿ. ವರ್ಕ್‌ಶಾಪಿನವರು ಟ್ರಯಲ್ ಹೊಡೆಯುವಾಗ ಅವನೂ ಪಕ್ಕದಲ್ಲಿ ಕೂರಲಿ.

• ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ‘ಶಬ್ದ ಸಿಗಲಿಲ್ಲ’ ಎಂದರೆ ಅದನ್ನೂ ಬರೆಸಿ.

• ವಾರಂಟಿ ಇರುವಾಗ ಹೊರಗೆ ಬಿಚ್ಚಿಸಬೇಡಿ. ಯಾವ ಭಾಗಕ್ಕೆ ವಾರಂಟಿ ಇದೆ, ಯಾವುದನ್ನು ಸವೆಯುವ ಭಾಗ ಎಂದು ಬಿಟ್ಟಿದ್ದಾರೆ ಎನ್ನುವುದು ಪುಸ್ತಕದಲ್ಲಿದೆ. ಗಾಡಿ ಕೊಂಡ ದಿನವೇ ಓದಿ.

• ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ನಮ್ಮ ಹುಡುಗರು ನುಗ್ಗುವುದು ಬೇಡ. ಎಂಜಿನ್ ಓಡುವಾಗ ಶಾಫ್ಟಿನ ಹತ್ತಿರ ಕೈಯೂ ಬೇಡ.

ಕಾಗದದ ಮಾತು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಪಾರದ ಉದ್ದೇಶಕ್ಕೆ ಸಾಮಾನು ಕೊಂಡವನು ‘ಗ್ರಾಹಕ’ ಅಲ್ಲ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡವನಿಗೆ ವಿನಾಯಿತಿ ಇದೆ. ಒಂದೇ ಗಾಡಿ ಇಟ್ಟು ತಾನೇ ದುಡಿಯುವ ಸದಸ್ಯರು ಆ ವಿನಾಯಿತಿ ಕೇಳಬಹುದು. ನಾಲ್ಕು ಗಾಡಿ, ಐವತ್ತು ಜನ ಕೆಲಸದವರಿರುವ ಸಂಸ್ಥೆ ಗ್ರಾಹಕ ಆಯೋಗಕ್ಕೆ ಹೋದರೆ ಮೊದಲ ತಕರಾರೇ ಇದು. ಹಾಗಾಗಿ ನಮ್ಮ ಬಲ ಎಂದರೆ ವಾರಂಟಿಯ ಕಾಗದ ಮತ್ತು ಜಾಬ್ ಕಾರ್ಡಿನ ಒಂದು ಸಾಲು.

ಕೊನೆಯ ಮಾತು

ಸಾಂಬಾರಿಗೆ ಉಪ್ಪು ಕಡಿಮೆ ಎಂದು ಭಟ್ಟರು ಹೇಳಿದರೆ ನಾವು ತಕ್ಷಣ ರುಚಿ ನೋಡುತ್ತೇವೆ. ಗಾಡಿಯಲ್ಲಿ ಶಬ್ದ ಎಂದು ಡ್ರೈವರ್ ಹೇಳಿದರೆ ಕೆಲಸ ತಪ್ಪಿಸಿಕೊಳ್ಳಲು ಹೇಳುತ್ತಾನೆ ಎಂದುಕೊಳ್ಳುತ್ತೇವೆ. ಅವನು ದಿನಕ್ಕೆ ಎಂಟು ಗಂಟೆ ಆ ಸೀಟಿನ ಮೇಲೆ ಕೂರುವವನು. ಹೊಸ ಬೇರಿಂಗ್ ಮತ್ತು ಕ್ರಾಸಿಗೆ ಆದ ಖರ್ಚು ಸುಮ್ಮನೆ ಬದಲಾಯಿಸಿದ ಕ್ಲಚ್ಚಿನ ಕಾಲು ಭಾಗವೂ ಅಲ್ಲ. ಸುಟ್ಟ ಕೈಯ ಹುಡುಗ ಹತ್ತು ದಿನ ಮಲಗಿದ. ಹೋದ ಆರ್ಡರ್ ಹೋಯಿತು.

ಈಗ ನಮ್ಮಲ್ಲಿ ಪ್ರತಿ ಸೋಮವಾರ ಲೆಕ್ಕ ನೋಡುವಾಗ ಡ್ರೈವರುಗಳ ಪುಸ್ತಕವನ್ನೂ ನೋಡುವ ಪದ್ಧತಿ ಮಾಡಿದ್ದೇವೆ. ಐದು ನಿಮಿಷದ ಕೆಲಸ. ಮುಂದಿನ ಸೀಸನ್ ಶುರುವಾಗುವ ಮೊದಲು ಸದಸ್ಯ ಬಂಧುಗಳು ಒಂದು ದಿನ ತುಂಬಿದ ಗಾಡಿಯಲ್ಲಿ ಡ್ರೈವರನ ಪಕ್ಕ ಕೂತು, ಅಡುಗೆಮನೆಯ ಗೇಟಿನಿಂದ ಮುಖ್ಯ ರಸ್ತೆಯವರೆಗೆ ಹೋಗಿಬರಬೇಕೆಂದು ನಮ್ಮ ಕೋರಿಕೆ. ದಾರಿಯಲ್ಲಿ ಫೋನು ತೆಗೆಯಬೇಡಿ, ಕಿವಿ ಕೊಟ್ಟು ಕೇಳಿ.